ಎಡಗಡೆಯ ಕೀಲು

ಮಾರ್ಚ್ 2, ಬೆಳಿಗ್ಗೆ 6.40

ಇವತ್ತೂ ಕಾರು ಒಂದೇ ಸಲಕ್ಕೆ ಸ್ಟಾರ್ಟ್. ಚೋಕ್ ಅರ್ಧ ಎಳೆದು, ಐದು ನಿಮಿಷ ಹಾಗೇ ಬಿಟ್ಟು, ಮೆಲ್ಲಗೆ ಒಳಗೆ ತಳ್ಳಿದೆ. ನೀರು ನೋಡಿದೆ, ಆಯಿಲ್ ನೋಡಿದೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕ್ರಮ. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ಆಸ್ಪತ್ರೆಯಲ್ಲಿ ನಾನು ಎಕ್ಸ್-ರೇ ತೆಗೆಯುವಾಗ ರೋಗಿಗಳು ಮಷಿನ್ ಬಿಟ್ಟು ನನ್ನ ಕೈಯನ್ನೇ ನೋಡುತ್ತಾರೆ. ನೋಡಲಿ.

ಕಿಟಕಿಯಿಂದ ಅಕ್ಕ: "ಆ ಮುದುಕಿಗೆ ಕುಡಿಸಿದ ಮೇಲೆ ತಾನೆ ನನಗೆ ಕಾಫಿ? ನಡೀಲಿ, ನಡೀಲಿ."

ಕಾರಿಗೆ ಮುದುಕಿ ಅಂತ ಹೆಸರಿಟ್ಟವಳೂ ಅವಳೇ.

ಅದೇ ದಿನ, ಸಂಜೆ

ಮನೆ ಓನರ್ ಬಂದಿದ್ದರು. ಕಟ್ಟಡ ಕೆಡವುತ್ತಾರಂತೆ. ಏಪ್ರಿಲ್ ಕೊನೆಗೆ ಮನೆ, ಶೆಡ್ ಎರಡೂ ಖಾಲಿ ಮಾಡಬೇಕು. ಅಕ್ಕ ಆಗಲೇ ಒಂದು ಫ್ಲಾಟ್ ನೋಡಿಟ್ಟಿದ್ದಾಳೆ. ಮೂರನೇ ಮಹಡಿ. ಲಿಫ್ಟ್ ಇದೆ, ಗಾಳಿ ಬೆಳಕು ಇದೆ. ಕಾರಿಗೆ ಜಾಗ ಇಲ್ಲ.

"ಮಾರಿಬಿಡು ಕಣೇ," ಅಂದಳು. ದನಿ ತಗ್ಗಿಸಿ ಅಂದಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರ್ಚ್ 9

ಮಾರುವುದೇ ಆದರೆ ಸರಿ ಮಾಡಿಯೇ ಮಾರಬೇಕು. ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಸ್ಕ್ರೂಡ್ರೈವರಿನ ತುದಿ ಇಂಜಿನ್‌ಗೆ, ಹಿಡಿ ಕಿವಿಗೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ಇಂಜಿನ್ ಬಗ್ಗೆ ಚಕಾರವಿಲ್ಲ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರು. ಟಕ್, ಟಕ್.

"ಕೀಲು ಸವೆದಿದೆಯಮ್ಮ. ಎರಡೂ ಕಡೆ."

ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಕೀಲು. ಎಡಕ್ಕೊಂದು, ಬಲಕ್ಕೊಂದು. ಬಟ್ಟಲಿನಲ್ಲಿ ಗುಂಡು ಕೂತ ಹಾಗೆ. ಸೊಂಟದ ಮೂಳೆಯೂ ಹೀಗೇ. ದಿನಕ್ಕೆ ಹತ್ತು ಸಲ ಫಿಲ್ಮಿನ ಮೇಲೆ ನೋಡುತ್ತೇನೆ. ಬಟ್ಟಲು ಸವೆದರೆ ಗುಂಡು ಹೊರಗೆ ಬರುತ್ತದೆ.

"ಬಂದರೆ?"

"ಬಂದರೆ ಚಕ್ರ ಅದರ ಪಾಡಿಗೆ ಅದು. ನೀವು ಸ್ಟೀರಿಂಗ್ ಹಿಡ್ಕೊಂಡು ಹಾಡು ಹೇಳ್ಕೋಬಹುದು."

ಇಬ್ಬರೂ ನಕ್ಕೆವು. ಬಲಗಡೆಯದು ಅವರ ಹತ್ತಿರವೇ ಇತ್ತು, ಹಾಕಿದರು. ಎಡಗಡೆಯದು ಹಳೆ ಪಾರ್ಟ್ಸ್ ಅಂಗಡಿಗೆ ಆರ್ಡರ್ ಕೊಡಬೇಕು. ಕೊಟ್ಟೆ.

ಮಾರ್ಚ್ 21

ಪಾರ್ಟು ಬಂತು. ಎಣ್ಣೆ ಕಾಗದದಲ್ಲಿ ಸುತ್ತಿದ ಹೊಚ್ಚ ಹೊಸದು. ಮೇಸ್ತ್ರಿಗೆ ಫೋನ್ ಮಾಡಿದರೆ ಮಗಳು ಎತ್ತಿದಳು. ನಿನ್ನೆ ಕಣ್ಣಿನ ಆಪರೇಷನ್ ಆಯಿತಂತೆ. ಎರಡು ವಾರ ಗ್ಯಾರೇಜ್ ಬಂದ್.

ಶೆಡ್ಡಿನ ಮೇಲಿನ ಹಲಗೆಯಲ್ಲಿಟ್ಟೆ. ಅವಸರವೇನಿದೆ. ಇನ್ನೂ ಯಾರೂ ಕೇಳಿಕೊಂಡು ಬಂದಿಲ್ಲ.

ಮಾರ್ಚ್ 24

ಬಂದರು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಅವನು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತುಬಿಟ್ಟ. ನಾನು ಮೊದಲ ದಿನ ನಿಂತಿದ್ದೂ ಹಾಗೇ. ಆಗಲೇ ಕೊಟ್ಟುಬಿಡಬೇಕು ಅನ್ನಿಸಿತು.

ಹೆಂಡತಿಗೆ ಮನಸ್ಸಿಲ್ಲ. ಬಾಗಿಲು ಎರಡು ಸಲ ತೆಗೆದು ಹಾಕಿ ನೋಡಿದಳು. "ಅಂದ ಚಂದ ಇವರು ನೋಡ್ಕೋತಾರೆ. ಮಗೂನ ಕೂರಿಸ್ಕೊಂಡು ಧೈರ್ಯವಾಗಿ ಹೋಗಬಹುದಾ? ಅಷ್ಟು ಹೇಳಿ ಸಾಕು."

"ಕಣ್ಣು ಮುಚ್ಕೊಂಡು ಹೋಗಿ," ಅಂದೆ.

ಏನೇನು ಕೆಲಸ ಮಾಡಿಸಿದ್ದೀರಿ ಎಂದು ಬರೆದು ಕೊಡಿ ಅಂದಳು. ಬಿಲ್ಲುಗಳನ್ನು ಮುಂದಿಟ್ಟುಕೊಂಡು ಒಂದು ಹಾಳೆ ತುಂಬ ಬರೆದೆ. ರೇಡಿಯೇಟರ್, ಬ್ರೇಕ್, ವೈರಿಂಗ್, ಸ್ಟೀರಿಂಗ್ ಕೀಲು ಎರಡೂ ಹೊಸದು. ನನ್ನ ಅಕ್ಷರ ಮುತ್ತಿನ ಹಾಗಿದೆ ಅಂದ ಟೀಚರ್.

ಮಾರ್ಚ್ 27

ಹೋಯಿತು.

ತಿರುವಿನಲ್ಲಿ ಇಂಡಿಕೇಟರ್ ಹಾಕಿದ. ಒಳ್ಳೆಯ ಹುಡುಗ. ಶೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆ, ಅಷ್ಟೇ. ನಾನು ಅತ್ತಿದ್ದು ಅವರ ಎದುರಿಗೇ. ನಾಚಿಕೆಗೇಡು.

ಅಕ್ಕ ಬೆನ್ನು ಸವರಿದಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮರೆತುಬಿಡು."

ಮಾರ್ಚ್ 29

ಫೋನ್ ಮಾಡಿದೆ. ಹಿಂದಿನ ಎಡ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಹೇಳುವುದು ಮರೆತಿತ್ತು. ಅವನಿಗೆ ಖುಷಿಯಾಯಿತು.

ಏಪ್ರಿಲ್ 1

ಫೋನ್ ಮಾಡಿದೆ. ಬಿಸಿಲಲ್ಲಿ ನಿಲ್ಲಿಸಬೇಡಿ, ಡ್ಯಾಶ್‌ಬೋರ್ಡ್ ಸೀಳುತ್ತದೆ ಎಂದೆ. ಹೂಂ ಅಂದ.

ಏಪ್ರಿಲ್ 4

ಇವತ್ತು ಹೆಂಡತಿ ಎತ್ತಿದಳು. ಯಾವ ಪೆಟ್ರೋಲ್ ಬಂಕಿನಲ್ಲಿ ಹಾಕಿಸುತ್ತೀರಿ ಎಂದು ಕೇಳಿದೆ. "ಇವರು ಸ್ನಾನಕ್ಕೆ ಹೋಗಿದ್ದಾರೆ." ಟಪ್ಪೆಂದು ಇಟ್ಟಳು.

ಏಪ್ರಿಲ್ 8

ಬರೆಯುವುದಕ್ಕೂ ಮುಖವಿಲ್ಲ. ಡ್ಯೂಟಿ ಮುಗಿಸಿ ಅವರ ಬೀದಿಗೆ ಹೋದೆ. ಬೇಕೆಂದು ಹೋದದ್ದಲ್ಲ… ಬೇಕೆಂದೇ ಹೋದದ್ದು. ಮನೆ ಮುಂದೆ ನಿಂತಿತ್ತು. ಗಾಜಿನ ಮೇಲೆ ಹಕ್ಕಿ ಹಿಕ್ಕೆ. ಕರ್ಚೀಫಿನಿಂದ ಒರೆಸುತ್ತಿದ್ದೆ. ಮಗು ಗೇಟಿನ ಸಂದಿಯಿಂದ ನೋಡಿ, "ಅಮ್ಮಾ, ಅಳೋ ಆಂಟಿ ಬಂದಿದ್ದಾರೆ!" ಎಂದು ಕೂಗಿತು.

ಹೆಂಡತಿ ಹೊರಗೆ ಬಂದಳು. ನಾನು ಬೀದಿಯ ಕೊನೆ ಮುಟ್ಟುವವರೆಗೂ ಗೇಟು ಹಿಡಿದು ನಿಂತೇ ಇದ್ದಳು.

ಏಪ್ರಿಲ್ 9

ಟೀಚರ್ ಫೋನ್ ಮಾಡಿದ. ತುಂಬ ಮರ್ಯಾದೆಯಿಂದ ಮಾತಾಡಿದ. "ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ನನ್ನ ಹೆಂಡತಿ ಹೆದರಿದ್ದಾಳೆ. ಇನ್ಮೇಲೆ ಫೋನ್ ಮಾಡಬೇಡಿ. ತಪ್ಪು ತಿಳ್ಕೋಬೇಡಿ."

ಇಲ್ಲ, ಮಾಡುವುದಿಲ್ಲ ಅಂದೆ. ಮಾತು ಕೊಟ್ಟೆ.

ಏಪ್ರಿಲ್ 19, ಬೆಳಿಗ್ಗೆ 7.30

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಶೆಡ್ ಖಾಲಿ ಮಾಡುತ್ತಿದ್ದೆ. ಮೇಲಿನ ಹಲಗೆ. ಹಳೆ ಪ್ಲಗ್ಗು, ಫ್ಯಾನ್ ಬೆಲ್ಟು, ಅದರ ಹಿಂದೆ ಒಂದು ಪೊಟ್ಟಣ. ಎಣ್ಣೆ ಕಾಗದ ಬಿಚ್ಚಿರಲೇ ಇಲ್ಲ.

ಮೇಸ್ತ್ರಿ ಹಾಕಿದ್ದು ಬಲಗಡೆಯದು ಮಾತ್ರ. ಎಡಗಡೆಯದು ಇಲ್ಲಿದೆ. ನನ್ನ ಕೈಯಲ್ಲಿದೆ. ಎರಡೂ ಹೊಸದು ಎಂದು ಬರೆದುಕೊಟ್ಟಿದ್ದೇನೆ. ಬಿಲ್ಲು ಎರಡಿದ್ದವು, ಬಿಲ್ಲು ನೋಡಿ ಬರೆದೆ, ಕಾರು ನೋಡಿ ಬರೆಯಲಿಲ್ಲ.

8.10

ಮೇಸ್ತ್ರಿಯ ಮನೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಪೊಟ್ಟಣ ಕೈಗಿಟ್ಟೆ. ಬೆರಳಲ್ಲೇ ಗುರುತು ಹಿಡಿದರು.

"ಇದು ಎಡಗಡೆದಲ್ವೇನಮ್ಮ? ಹಾಗಾದ್ರೆ ಅಲ್ಲಿರೋದು…"

"ಹಳೇದೇ."

"ಊರೊಳಗೆ ನಿಧಾನಕ್ಕೆ ಓಡಾಡ್ಕೊಂಡಿದ್ರೆ ತಿಂಗಳುಗಟ್ಟಲೆ ಬರಬಹುದು. ಭಾರ ಹೇರಿ ಬೆಟ್ಟಗಿಟ್ಟ ಹತ್ತಿಸಿದ್ರೆ, ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ…" ಎದ್ದು ಚಪ್ಪಲಿ ಮೆಟ್ಟಿದರು.

8.55

ಟೀಚರ್‌ಗೆ ಫೋನ್ ಹೋಗುತ್ತಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಅಕ್ಕನ ಫೋನಿಂದ ಮಾಡಿದರೆ ನಾಟ್ ರೀಚಬಲ್. ಅಕ್ಕ, ಮೇಸ್ತ್ರಿ, ನಾನು ಆಟೋದಲ್ಲಿ ಟೀಚರ್ ಮನೆಗೆ ಬಂದೆವು. ಬೀಗ.

ಎದುರು ಮನೆಯವರು ಹೇಳಿದರು: "ನಿನ್ನೆ ಬೆಳಿಗ್ಗೇನೇ ಹೊರಟ್ರಲ್ಲ. ಎರಡು ದಿನ ರಜೆ ಅಲ್ವಾ? ಬೆಟ್ಟದ ಮೇಲಿನ ಗೆಸ್ಟ್ ಹೌಸ್‌ಗೆ. ಚಾಪೆ, ಸ್ಟೂಲು, ಬಣ್ಣದ ಡಬ್ಬಿ, ಎಲ್ಲಾ ತುಂಬ್ಕೊಂಡು ಹೋದ್ರು. ಇವತ್ತು ಮಧ್ಯಾಹ್ನ ವಾಪಸ್."

ಬೆಟ್ಟ ಹತ್ತಿ ಆಗಿದೆ. ಇಳಿಯುವುದು ಬಾಕಿ.

9.20

ಗೆಸ್ಟ್ ಹೌಸಿನ ನಂಬರ್ ಸಿಕ್ಕಿತು. ಅಲ್ಲಿನ ಕಾವಲುಗಾರ ಟೀಚರನ್ನು ಕರೆದು ಕೊಟ್ಟ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

"ಕಾರು ತೆಗೀಬೇಡಿ. ಸ್ಟೀರಿಂಗ್ ಕೀಲು ಸರಿಯಿಲ್ಲ," ಅಂದೆ.

"ನೀವೇ ಬರೆದುಕೊಟ್ಟಿದ್ದೀರಲ್ಲ, ಎರಡೂ ಹೊಸದು ಅಂತ. ಹಾಳೆ ಕಾರಲ್ಲೇ ಇದೆ."

ಆಗ ಹೇಳಬೇಕಿತ್ತು. ಎಡಗಡೆಯದನ್ನು ಹಾಕಿಸಲೇ ಇಲ್ಲ, ನನ್ನ ತಪ್ಪು, ಪಾರ್ಟು ನನ್ನ ಕೈಯಲ್ಲಿದೆ. ಮೂರೇ ಮಾತು. ನಾಲಿಗೆ ಹೊರಳಲಿಲ್ಲ. "ಅದು… ಏನೋ ಸಂಶಯ ಬಂತು," ಅಂದೆ. ಸಂಶಯ!

ಫೋನ್ ಹೆಂಡತಿಯ ಕೈಗೆ ಹೋಯಿತು. "ಇಲ್ಲೂ ಬಿಡಲ್ವಾ ನಮ್ಮನ್ನ? ಕಾರು ವಾಪಸ್ ಬೇಕು ಅಂದ್ರೆ ನೆಟ್ಟಗೆ ಹೇಳಿ. ಹೀಗೆಲ್ಲ ಹೆದರಿಸಬೇಡಿ." ಇಟ್ಟಳು. ಮತ್ತೆ ಮಾಡಿದರೆ ಕಾವಲುಗಾರನೇ ಎತ್ತಿ, "ಮೇಡಂ ಕೊಡಬೇಡ ಅಂದಿದ್ದಾರೆ," ಅಂದ. ಟೀಚರ್‌ಗೆ ನೀನೇ ಹೇಳು ಅಂದೆ. ಏನೆಂದು ಹೇಳಲಿ ಅಂದ. ಕೀಲು, ಎಡ ಚಕ್ರ, ಅಪಾಯ… ಅವನಿಗೆ ಏನು ಅರ್ಥವಾಯಿತೋ, ಏನು ಹೇಳಿದನೋ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಹಾಕಿಸಿಲ್ಲ ಅಂತ ಯಾಕೇ ಹೇಳಲಿಲ್ಲ?"

ಅವಳನ್ನು ಮನೆಗೆ ಕಳಿಸಿದೆ. ಟ್ಯಾಕ್ಸಿ ಹಿಡಿದೆ. ಮೇಸ್ತ್ರಿಯೂ ಹತ್ತಿದರು. ಟೂಲ್ ಚೀಲ ಅವರ ತೊಡೆಯ ಮೇಲೆ, ಪೊಟ್ಟಣ ನನ್ನ ಬ್ಯಾಗಿನಲ್ಲಿ.

11.50

ಬೆಟ್ಟದ ಬುಡದ ಟೀ ಅಂಗಡಿ. ಡ್ರೈವರ್ ನೀರು ಕುಡಿಯುತ್ತಿದ್ದಾನೆ. ಇಂಥ ಬಣ್ಣದ ಹಳೇ ಕಾರು ಇಳಿಯಿತೇ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಇರುವುದು ಒಂದೇ ದಾರಿ. ಹದಿನೇಳು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲುದ್ದದ ಗೋಡೆ, ಗೋಡೆಯಾಚೆ ಮರಗಳ ತಲೆ ಮಾತ್ರ ಕಾಣುತ್ತದೆ.

ಮೇಸ್ತ್ರಿ ಟೀ ಮುಟ್ಟಲಿಲ್ಲ. "ಹೊರಡೋಣ. ನಾವೇ ಎದುರಿಗೆ ಹೋಗೋಣ."

ಸಂಜೆ 4.15

ಬೆಟ್ಟದ ಕೆಳಗಿನ ಊರು. ಸಣ್ಣ ಆಸ್ಪತ್ರೆ. ಕಾರಿಡಾರಿನ ಬೆಂಚು.

ಆರನೇ ತಿರುವಿನಲ್ಲಿ ಸದ್ದು ಕೇಳಿತ್ತು. ಸೆಕೆಂಡ್ ಗೇರಿನಲ್ಲಿ ಇಳಿಯುವ ಆ ಗುರುಗುರು ನನಗೆ ಗೊತ್ತಿಲ್ಲವೇ. ಟ್ಯಾಕ್ಸಿ ನಿಲ್ಲಿಸಿ ರಸ್ತೆಯ ನಡುವಿಗೆ ಓಡಿದೆ. ಎರಡೂ ಕೈ ಎತ್ತಿದೆ. ಮೇಸ್ತ್ರಿ ಪಕ್ಕದಲ್ಲಿ ನಿಂತು ಟವೆಲ್ ಬೀಸಿದರು.

ಕಾರು ನಿಧಾನವಾಯಿತು. ಟೀಚರ್ ನನ್ನನ್ನು ನೋಡಿದ. ಬ್ರೇಕಿನ ಮೇಲೆ ಕಾಲಿಟ್ಟ, ಕಾರಿನ ಮೂತಿ ಕೆಳಗೆ ತಗ್ಗಿತು. ಹೆಂಡತಿಯೂ ನೋಡಿದಳು. ಗಾಜಿನ ಹಿಂದೆ ಅವಳ ತುಟಿ ಆಡಿತು. ಮಾತು ಕೇಳದಿದ್ದರೂ ಏನಂದಳು ಎಂದು ಗೊತ್ತು. ನಿಲ್ಲಿಸಬೇಡಿ.

ಕಾರು ನನ್ನನ್ನು ಬಳಸಿಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿ ಮಗು ಕೈ ಬೀಸಿತು.

ನೂರು ಹೆಜ್ಜೆಯೂ ಇರಲಿಲ್ಲ. ಐದನೇ ತಿರುವು. ಎಡ ಚಕ್ರ ಹೊರಕ್ಕೆ ವಾಲಿದ್ದನ್ನು ಕಣ್ಣಾರೆ ಕಂಡೆ, ಮುರಿದ ಪಾದದ ಹಾಗೆ. ಕಾರು ಎಡಕ್ಕೆ ಎಳೆಯಿತು. ಎಡಕ್ಕೆ ಬಂಡೆ. ಬಲಕ್ಕೆ ಎಳೆದಿದ್ದರೆ—

ಬಂಡೆಗೆ ಹೊಡೆದ ಸದ್ದು. ಆಮೇಲೆ ಹಾರ್ನ್, ನಿಲ್ಲದ ಹಾಗೆ. ಮೇಸ್ತ್ರಿ ಬಾನೆಟ್ ಎತ್ತಿ ವೈರು ಕಿತ್ತರು. ಆಗ ಮಗುವಿನ ಅಳು ಕೇಳಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಯೇ ಇಲ್ಲ.

ಮಗುವಿಗೆ ಒಂದು ಗೀರೂ ಇಲ್ಲ. ಟೀಚರ್‌ಗೆ ಹಣೆ ಒಡೆದಿದೆ, ಭುಜ ಊದಿದೆ. ಅವಳು ಬಂಡೆಯ ಕಡೆ ಕೂತಿದ್ದಳು. ಎಡಗಾಲು ಎರಡು ಕಡೆ ಮುರಿದಿದೆ. ಹೊರಗೆ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನನ್ನ ಕೈಯನ್ನೇ ಹಿಡಿದಿದ್ದಳು. ನನ್ನ ಕೈಯನ್ನೇ.

5.05

ಟೀಚರ್ ಹೊರಗೆ ಬಂದ. ಹಣೆಗೆ ಪಟ್ಟಿ. ನನ್ನೆದುರು ನಿಂತು ಕೈ ಮುಗಿದ.

"ಬೆಳಿಗ್ಗೆ ಹೇಳಿದ್ರಿ. ಕೇಳಲಿಲ್ಲ. ರಸ್ತೆಗೆ ಅಡ್ಡ ನಿಂತ್ರಿ. ಆಗಲೂ ನಿಲ್ಲಿಸಲಿಲ್ಲ. 'ಎಲ್ಲಾ ನನ್ನಿಂದಲೇ ಆಯ್ತು' ಅಂತ ಒಳಗೆ ಅವಳು ಅಳ್ತಿದ್ದಾಳೆ. ನಿಮ್ಮ ಮುಖ ಹೇಗೆ ನೋಡ್ಲಿ ಅಂತಿದ್ದಾಳೆ."

ಅವನಿಗೆ ನಾನು ದೇವರ ಹಾಗೆ ಕಾಣುತ್ತಿದ್ದೇನೆ. ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ ಅಂದೆ. ಇನ್ನೇನೂ ಹೇಳಲಿಲ್ಲ. ಎರಡನೇ ಸಲ.

ಅವನು ಒಳಗೆ ಹೋದ ಮೇಲೆ ಮೇಸ್ತ್ರಿ ನನ್ನ ಬ್ಯಾಗನ್ನೇ ನೋಡಿದರು. ಕಪ್ಪು ಕನ್ನಡಕ ತೆಗೆದಿದ್ದರು. ಆಪರೇಷನ್ ಆದ ಕಣ್ಣು ಕೆಂಪಗಿತ್ತು.

"ನಾನು ಹೇಳೋ ಮಾತಲ್ಲಮ್ಮ ಅದು," ಅಂದರು. ಎದ್ದು ಹೊರಗೆ ಹೋದರು. ಗೇಟಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಾರೆ.

5.30

ಮಗು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದೆ. ಎಬ್ಬಿಸಬಾರದು ಎನ್ನುವುದು ನೆಪ. ಅವಳ ವಾರ್ಡಿನ ಬಾಗಿಲಿಗೆ ಹತ್ತು ಹೆಜ್ಜೆ.

ಹೇಳದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಕಾರು ನಜ್ಜುಗುಜ್ಜಾಗಿದೆ. ಮೇಸ್ತ್ರಿ ಬಾಯಿ ಬಿಡುವವರಲ್ಲ. ಅಕ್ಕ ನನ್ನ ಅಕ್ಕ. ಟೀಚರ್ ಹೆಂಡತಿ ಮಾತ್ರ ಬದುಕಿರುವವರೆಗೆ ತನ್ನದೇ ತಪ್ಪು ಅಂದುಕೊಂಡು ಕುಂಟುತ್ತಾಳೆ. ಮಗು ಕೇಳಿದರೆ, ಆಂಟಿ ಹೇಳಿದರೂ ಅಮ್ಮ ಕೇಳಲಿಲ್ಲ ಅನ್ನುತ್ತಾಳೆ.

ಬಾಗಿಲು ತೆರೆಯಿತು. ನರ್ಸ್ ಕೈ ಮಾಡಿ ಕರೆಯುತ್ತಿದ್ದಾಳೆ. ಒಳಗೆ ಅವಳು ನನ್ನನ್ನೇ ಕೇಳುತ್ತಿದ್ದಾಳಂತೆ.

ಹೋಗುತ್ತೇನೆ. ಹೇಗಿದ್ದೀರಿ ಎಂದು ಕೇಳಬಾರದು. ಕೇಳಿದರೆ ಮಾತು ಬೇರೆ ಕಡೆಗೆ ಹೊರಳುತ್ತದೆ. ಮೊದಲ ಮಾತೇ ಅದಾಗಬೇಕು. ಒಳಗೆ ಕಾಲಿಟ್ಟ ಕೂಡಲೇ, ಅವಳು ಬಾಯಿ ತೆರೆಯುವ ಮುಂಚೆ ಹೇಳಬೇಕು: ಎಡಗಡೆಯದನ್ನು ನಾನು ಹಾಕಿಸಲೇ ಇಲ್ಲ.