ಎಂಟನೆಯ ಎಲೆ

ಚನ್ನರಾಯಪಟ್ಟಣ
೨೫-೯-೨೦೨೫

ತೇಜಶ್ರೀ ಮಗಳೇ,

ನನ್ನ ಕೈಲಿ ಕಾಗದ ಬರೆಸುವುದು ಯಾವ ನ್ಯಾಯ? ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ತೆಂಗಿನಕಾಯಿ ಸುಲಿಯಲು ಹೋದವನು ನಾನು. ವಾಯುಸೇನೆಯ ತರಬೇತಿಯಲ್ಲಿ ಮೊದಲ ತಿಂಗಳುಗಳು ಫೋನ್ ಕೊಡುವುದಿಲ್ಲವಂತೆ, ಅದಕ್ಕೆ ಈ ಕರ್ಮ. ಮೈ ಹೇಗಿದೆ? ಓಡಿಸಿ ಓಡಿಸಿ ಕಾಲು ಊದಿಸಿದ್ದಾರಾ? ಹೊಟ್ಟೆ ತುಂಬ ತಿನ್ನು, ನಾಚಿಕೆ ಬೇಡ. ನನ್ನ ಮಂಡಿ ನೋವು ಹಾಗೇ ಇದೆ, ಅದನ್ನು ಕೇಳಬೇಡ.

ಮೊದಲು ವಿಮಾನ, ಆಮೇಲೆ ಬಾಹ್ಯಾಕಾಶ ಅಂತ ಹೊರಟು ನೀನು ಕಾಲಿಗೆ ಬಿದ್ದಾಗ ನಾನು ತಲೆ ಮೇಲೆ ಕೈಯಿಡಲಿಲ್ಲ. "ಮ್ಯಾಕೋದೋರ ಗತಿ ಏನಾಯ್ತು ಅಂತ ನೀನೇ ಗ್ವಾಡೆಗೆ ಅಂಟುಸ್ಕೊಂಡಿದ್ದೀಯಲ್ಲ, ನೀನೂ ಅಂಗೇ ಓಗು" ಅಂದುಬಿಟ್ಟೆ. ಆ ಮಾತು ಎರಡು ತಿಂಗಳಿಂದ ನನ್ನನ್ನು ಕೊರೆಯುತ್ತಿದೆ.

ಮೊನ್ನೆ ಭಾನುವಾರ ಪಿತೃಪಕ್ಷದ ಅಮಾವಾಸ್ಯೆ. ನಮ್ಮ ಹಿರಿಯರಿಗೆ ಎಡೆ ಇಟ್ಟ ಮೇಲೆ, ನಿನ್ನ ಕೋಣೆಯ ಗೋಡೆಯಲ್ಲಿರುವ ಕಲ್ಪನಾ ಚಾವ್ಲಾಗೂ ಅವಳ ಜೊತೆ ತೀರಿಕೊಂಡ ಆರು ಜನಕ್ಕೂ ಇಡಬೇಕು ಅನ್ನಿಸಿತು. ನೆಲ ಮುಟ್ಟಲು ಹದಿನಾರೇ ನಿಮಿಷ ಬಾಕಿ ಇತ್ತು ಅಂತ ನೀನು ಕೆಳಗೆ ಬರೆದಿದ್ದೀಯ, ಮೂರು ಸಲ ಓದಿದೆ. ಅವರು ಹೋದ ಮೇಲೆ ತಪ್ಪು ಎಲ್ಲಾಯಿತು ಅಂತ ಹುಡುಕಿ, ಮುಂದೆ ಹತ್ತುವವರಿಗೆ ಕಾವಲು ಬಿಗಿ ಮಾಡಿದರು ಅಂತ ನಿಮ್ಮಮ್ಮ ಸಿಂಧು ಹೇಳಿದಳು. ಹಾಗಾದರೆ ನಾಳೆ ನಿನ್ನನ್ನು ಕಾಯುವವರು ಅವರೇ. ಅವರಿಗೆ ಕೈಮುಗಿಯದೆ ಇನ್ನಾರಿಗೆ ಮುಗಿಯಲಿ? ಎಡೆಗೆ ಹೆಸರು ಹಿಡಿದು ಕರೆಯಬೇಕಲ್ಲ, ಸಿಂಧು ಹೇಳಿಕೊಟ್ಟಳು, ನನ್ನ ನಾಲಿಗೆ ಹೊರಳಿದಷ್ಟು ಕರೆದೆ. ಕಡುಬು, ಪಾಯಸ, ಚಿತ್ರಾನ್ನ. ಪರದೇಶದವರೂ ಇದ್ದಾರೆ ಅಂತ ಖಾರ ಕಮ್ಮಿ ಹಾಕಿಸಿದ್ದೆ.

ಎಡೆ ಇಡುವ ಹೊತ್ತಿಗೆ ಕನ್ನಡಕ ಎಲ್ಲೋ ಇಟ್ಟಿದ್ದೆ. ಗೋಡೆಯ ಪ್ರತಿ ಪಟಕ್ಕೂ ವಿಭೂತಿ ಹಚ್ಚಿ ಒಂದೊಂದು ಎಲೆ ಹಾಕುತ್ತಾ ಹೋದೆ. ನಿಮ್ಮಜ್ಜಿ ಹೊನ್ನಕ್ಕ ಬಂದವಳೇ ಕಿರುಚಿದಳು: "ಏನ್ ಮನ್ಸನಯ್ಯಾ ನೀನು! ಏಳು ಜನುಕ್ಕೆ ಎಂಟೆಲೆ ಯಾಕಾಕ್ದೆ? ಅದು ನಮ್ ಕೂಸು ಕಣಯ್ಯಾ!" ನೋಡಿದರೆ ಎಂಟನೆಯದು ನೀನು. ಹಾಸನದ ವಸ್ತುಪ್ರದರ್ಶನದಲ್ಲಿ ಅವರ ಹಾಗೇ ಕಿತ್ತಳೆ ಬಣ್ಣದ ಅಂಗಿ, ಹೆಲ್ಮೆಟ್ ಹಾಕಿ ತೆಗೆಸಿಕೊಂಡದ್ದು. ಬದುಕಿರುವ ಮೊಮ್ಮಗಳಿಗೆ ಎಡೆ!

ಎಲೆ ಎತ್ತಿ ಹಸುವಿಗೆ ಹಾಕು ಅಂದಳು. ನಾನು ಹಾಕಲಿಲ್ಲ. ಪಟ ಒರೆಸಿ, ಅಲ್ಲೇ ಕೂತು ನಾನೇ ತಿಂದೆ. ಏನಾದರೂ ಅಂಟಿಕೊಳ್ಳುವುದಿದ್ದರೆ ಎಪ್ಪತ್ತೆಂಟರ ಮುದುಕನಿಗೆ ಅಂಟಿಕೊಳ್ಳಲಿ. ಕಡುಬು ಚೆನ್ನಾಗಿತ್ತು.

ನೂರು ಸಲ ಹಾರು, ನೂರು ಸಲವೂ ಇಳಿ.

ನಿನ್ನ ತಾತ,
ರುದ್ರಯ್ಯ

ವಿ.ಸೂ.: ತರಬೇತಿ ಮುಗಿದ ದಿನ ಹೆಗಲಿಗೆ ಅಧಿಕಾರಿಯ ಪಟ್ಟಿ ತೊಡಿಸುವುದು ಮನೆಯವರೇ ಅಂತೆ. ಒಂದು ಹೆಗಲು ನಿಮ್ಮಮ್ಮನಿಗೆ. ಇನ್ನೊಂದು ನಿಮ್ಮಪ್ಪ ಬಸವೇಶನ ಪಾಲು, ಅವನನ್ನು ಬೈದು ನನಗೆ ಬಿಡಿಸಿಕೊಂಡಿದ್ದೇನೆ. ನಾನು ಬರುವುದು ಬೇಡ ಅನ್ನುವುದಾದರೆ ಅದನ್ನೂ ಬರಿ. ಅಕ್ಟೋಬರ್ ಹದಿನೈದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.