ಎರವಲು ಟೈರಿನ ಜಾಡು

ವಾಹನ ತಪಾಸಣಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಈಗ ಸಂಜೆ ಐದು ಗಂಟೆ. ಇವತ್ತಿನ ದಿನವೆಲ್ಲ ನನ್ನ ತಮ್ಮ ಮತರ್‌ನ ಗಾಡಿಯನ್ನು ಬಿಚ್ಚುವುದರಲ್ಲೇ ಹೋಯಿತು. ಮುಂದಿನ ಕಬ್ಬಿಣದ ಬಂಪರ್ ಇಳಿಯಿತು, ಎತ್ತರದ ಸ್ಪ್ರಿಂಗುಗಳು ಇಳಿದವು, ಅಗಲದ ಟೈರುಗಳು ಇಳಿದವು. ಅವುಗಳ ಜಾಗಕ್ಕೆ ಗಾಡಿ ಕಾರ್ಖಾನೆಯಿಂದ ಬಂದಾಗ ಇದ್ದಂಥವನ್ನೇ ಅವರಿವರಿಂದ ಎರವಲು ತಂದು ಹಾಕಿದ್ದೇವೆ. ನಾಳೆ ಅದು ನಿಮ್ಮ ಮುಂದೆ ಬಂದು ನಿಲ್ಲಬೇಕು, ನಿಮ್ಮ ಮಾತಿನಲ್ಲಿ ಹೇಳುವುದಾದರೆ 'ಮೂಲ ಸ್ಥಿತಿ'ಯಲ್ಲಿ ನಿಲ್ಲಬೇಕು. ಕಳೆದ ವರ್ಷವೂ ಅದು ಹೀಗೆಯೇ ಬಂದಿತ್ತು. ಆಗ ತಂದವನು ನನ್ನ ತಮ್ಮ. ನೀವು ಪಾಸು ಮಾಡಿ ಕಳಿಸಿದಿರಿ. ಅದೇ ಸ್ಥಿತಿಯ ಗಾಡಿಯಲ್ಲಿ ಅವನು ಮರಳಿನೊಳಕ್ಕೆ ಹೋದ, ಅಲ್ಲೇ ಸತ್ತ. ನನ್ನ ದೂರು ಇಷ್ಟೇ.

ನಾನು ಹೆಚ್ಚು ಓದಿದವಳಲ್ಲ. ದಿನಕ್ಕೆ ನಾಲ್ಕು ಸಾಲು ನನಗಾಗಿ ಬರೆದುಕೊಳ್ಳುವ ಅಭ್ಯಾಸವಿದೆ, ಅಷ್ಟೆ. ಪತ್ರಿಕೆಗೆ ಬರೆಯುವ ಧೈರ್ಯ ನನ್ನದಲ್ಲ. ಆದರೆ ನಿಮ್ಮ ಕಚೇರಿಯ ಕಿಟಕಿಯಲ್ಲಿ ಇದನ್ನೆಲ್ಲ ಹೇಳಿದಾಗ ಒಳಗಿದ್ದವರು, "ಗಾಡಿ ಪಾಸಾಗಿದೆಯಲ್ಲಮ್ಮ, ಮತ್ತೆ ದೂರೇನು?" ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಉತ್ತರವಿಲ್ಲದವರು ಎಲ್ಲಿಗೆ ಬರೆಯಬೇಕೆಂದು ನಿಮ್ಮ ಗೋಡೆಯ ಮೇಲಿನ ಫಲಕದಲ್ಲಿ ಬರೆದಿಲ್ಲವಾದ್ದರಿಂದ ಈ ಪತ್ರಿಕೆಗೇ ಬರೆಯುತ್ತಿದ್ದೇನೆ.

ಗಾಡಿ ಹಳೆಯ ಜಪಾನೀ ಪಿಕಪ್. ನಮ್ಮ ತಂದೆ ಕೊಂಡಿದ್ದು. ಅದನ್ನು ತಪಾಸಣೆ ಮಾಡುವ ನಿಮ್ಮ ಹುಡುಗರಿಗಿಂತ ಅದಕ್ಕೆ ವಯಸ್ಸು ಹೆಚ್ಚು. ತಂದೆ ಹೋದ ಮೇಲೆ ಮತರ್ ಅದರ ಕೈಹಿಡಿದ. ಸ್ಪ್ರಿಂಗ್ ಬದಲಿಸಿ ಎತ್ತರ ಮಾಡಿದ, ಗಾಳಿ ಇಳಿಸಿದರೆ ಒಂಟೆಯ ಪಾದದಂತೆ ಮರಳಿನ ಮೇಲೆ ಹರಡಿಕೊಳ್ಳುವ ಟೈರು ಹಾಕಿಸಿದ. ಕಾರ್ಖಾನೆಯ ಬಂಪರ್ ತಗ್ಗಾಗಿದ್ದು ದಿಬ್ಬ ಇಳಿಯುವಾಗ ನೇಗಿಲಿನಂತೆ ಮರಳಿಗೆ ಹೂತುಕೊಳ್ಳುತ್ತಿತ್ತು. ಅದನ್ನು ತೆಗೆದು, ಮೂಲೆಗಳು ಮೇಲಕ್ಕೆ ಎತ್ತಿರುವ, ಹಗ್ಗ ಕಟ್ಟಿ ಎಳೆಯಲು ಎರಡು ಕೊಕ್ಕೆಗಳಿರುವ ಕಬ್ಬಿಣದ ಬಂಪರ್ ಕೂಡಿಸಿದ. ಎಲ್ಲ ಮುಗಿದ ದಿನ ಅಂಗಳಕ್ಕೆ ತಂದು ನಿಲ್ಲಿಸಿ ಕೇಳಿದ, "ಹೆಂಗಿದೆ ಅಕ್ಕಾ?"

"ಮೇಕೆಗೆ ಒಂಟೆ ಕಾಲು ಕಟ್ಟಿದ ಹಾಗಿದೆ" ಎಂದೆ.

"ನೋಡ್ತಿರು, ನೀನೇ ಮೊದಲು ಹತ್ತಿ ಕೂರ್ತೀಯ. ಆಗ ಮೇಕೆಗೂ ಮರ್ಯಾದೆ ಕೊಡ್ತೀಯ."

ಹತ್ತಿದೆ. ಓಡಿಸುವುದನ್ನೂ ಕಲಿತೆ. ನಮ್ಮ ಕಡೆ ಹೆಂಗಸರು ಗಾಡಿ ಓಡಿಸದೆ ಬದುಕು ನಡೆಯುವುದಿಲ್ಲ. ಒಂಟೆಗಳಿಗೆ ನೀರು ಯಾರು ಒಯ್ಯಬೇಕು?

ನಿಮ್ಮ ನಿಯಮ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಎತ್ತರ ಮಾಡಿದ ಗಾಡಿಗಳನ್ನು ಹೆದ್ದಾರಿಯಲ್ಲಿ ಹುಚ್ಚಾಪಟ್ಟೆ ಓಡಿಸಿ ಮಗುಚುವ ಪಟ್ಟಣದ ಹುಡುಗರನ್ನು ನಾನೂ ನೋಡಿದ್ದೇನೆ. ಅಂಥ ಬಂಪರ್ ತಗುಲಿ ನಜ್ಜುಗುಜ್ಜಾದ ಚಿಕ್ಕ ಕಾರಿನಲ್ಲಿ ಒಂದು ಸಂಸಾರವಿತ್ತು. ಅದನ್ನು ತಡೆಯಬೇಕಾದ್ದೇ. ಆದರೆ ಆ ಹುಡುಗರ ಗಾಡಿಗಳು ಹೊಸವು, ಮಾರ್ಪಾಟಿಗೆ ನಿಮ್ಮದೇ ಮಾನ್ಯತೆಯ ವರ್ಕ್‌ಶಾಪಿನಿಂದ ಸರ್ಟಿಫಿಕೇಟು ತರುತ್ತಾರೆ. ನಮ್ಮಂಥ ಹಳೆಯ ಗಾಡಿಗಳಿಗೆ ಆ ಸರ್ಟಿಫಿಕೇಟು ಕೊಡುವುದಿಲ್ಲವೆಂದು ನೀವೇ ನಿಯಮ ಮಾಡಿದ್ದೀರಿ. ಹಾಗಾಗಿ ಮಗುಚುವವರ ಬಳಿ ಪರವಾನಗಿ ಇದೆ, ಒಂಟೆಗೆ ನೀರು ಹೊರುವವರ ಬಳಿ ಇಲ್ಲ. ಇದರಲ್ಲಿರುವ ವಿವೇಕ ನನಗೆ ಕಾಣುತ್ತಿಲ್ಲ. ಓದಿದವರಿಗೆ ಕಾಣಬಹುದು.

ಹೀಗಾಗಿ ವರ್ಷಕ್ಕೊಮ್ಮೆ ಮರಳ ಸೀಮೆಯವರೆಲ್ಲ ವೇಷ ಹಾಕುತ್ತೇವೆ. ಒಬ್ಬರ ಮನೆಯ ಟೈರು, ಇನ್ನೊಬ್ಬರ ಮನೆಯ ಸ್ಪ್ರಿಂಗು, ಯಾರದೋ ಬಂಪರ್ ತೊಡಿಸಿ ಗಾಡಿಯನ್ನು ನಿಮ್ಮಲ್ಲಿಗೆ ತರುತ್ತೇವೆ. ಇದು ನಿಮಗೂ ಗೊತ್ತು. ಮೊದಲೆಲ್ಲ ನಮ್ಮ ಟೈರುಗಳನ್ನು ಗಾಡಿಯ ಹಿಂಭಾಗದಲ್ಲೇ ಹಾಕಿಕೊಂಡು ಬಂದು, ಪಾಸಾದ ಕೂಡಲೇ ನಿಮ್ಮ ಗೇಟಿನ ಆಚೆ ನಿಂತು ಬದಲಿಸಿಕೊಳ್ಳುತ್ತಿದ್ದೆವು. ಎರಡು ವರ್ಷದ ಹಿಂದೆ ನಿಮ್ಮ ಇನ್‌ಸ್ಪೆಕ್ಟರರೊಬ್ಬರು ಮತರ್‌ನ ಗಾಡಿಯ ಟಾರ್ಪಾಲು ಎತ್ತಿ ನೋಡಿ, "ಇದೇನಪ್ಪಾ, ನಾಟಕ ಮುಗಿದ ಮೇಲೆ ಉಟ್ಕೊಳ್ಳೋ ಬಟ್ಟೆನಾ?" ಎಂದರಂತೆ.

"ಇಲ್ಲ ಸಾಹೇಬ್ರೇ, ನಾಟಕದ ಬಟ್ಟೆ ಈಗ ಉಟ್ಕೊಂಡಿದೆಯಲ್ಲ, ಅದು" ಎಂದ ನನ್ನ ತಮ್ಮ. ಬಾಯಿ ಸುಮ್ಮನಿರುತ್ತಿರಲಿಲ್ಲ ಅವನದು.

ಇಬ್ಬರೂ ನಕ್ಕರಂತೆ. ನಕ್ಕ ಮೇಲೆ ಇನ್‌ಸ್ಪೆಕ್ಟರರು ಫೇಲು ಮಾಡಿದರು. ಆಮೇಲಿಂದ ಹಿಂದೆ ಟೈರು ಕಂಡ ಗಾಡಿಗಳೆಲ್ಲ ಫೇಲು. ನಮ್ಮ ಟೈರು ಇಟ್ಟುಕೊಂಡ ಪಟ್ಟಣದ ಗ್ಯಾರೇಜುಗಳಿಗೆ ನೋಟಿಸು. ಉಳಿದದ್ದು ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಲಾಲ್‌ಬಕ್ಷ್ ಎಂಬ ಬಲೂಚಿ ಮೆಕ್ಯಾನಿಕ್ಕನ ಅಂಗಳ ಒಂದೇ. ನಮ್ಮ ಸಾಮಾನು ಅಲ್ಲಿಟ್ಟು ನಿಮ್ಮಲ್ಲಿಗೆ ಬಂದು, ವಾಪಸ್ ಹೋಗುವಾಗ ಬದಲಿಸಿಕೊಳ್ಳುತ್ತಿದ್ದೆವು.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ, ತಪಾಸಣೆಯ ಪಟ್ಟಿಯಲ್ಲಿ ಅದು ಬರುವುದಿಲ್ಲ. ನಮ್ಮಲ್ಲಿ ಟೈರು ಬರೀ ಟೈರಲ್ಲ. ಹಿಂದಿನವರು ಒಂಟೆಯ ಹೆಜ್ಜೆ ನೋಡಿ ಇದು ಯಾರ ಮನೆಯದು, ಗಬ್ಬವೋ ಅಲ್ಲವೋ ಹೇಳುತ್ತಿದ್ದರು. ಈಗ ಟೈರಿನ ಜಾಡು ನೋಡಿ ಹೇಳುತ್ತೇವೆ. ಇದು ಮತರ್ ಹೋದದ್ದು, ಇದು ಮಬ್‌ಖೂತ್ ಮಾವ ಬಂದದ್ದು, ಇದು ನೀರಿನ ಟ್ಯಾಂಕರು. ನಡೆಯಲು ಕಲಿತ ಮಕ್ಕಳಿಗೂ ತಿಳಿಯುತ್ತದೆ. ಅದಕ್ಕೇ ಮರಳಿನಲ್ಲಿ ಸಿಕ್ಕಿಬಿದ್ದವರಿಗೆ ನಾವು ಹೇಳುವುದು ಒಂದೇ ಮಾತು. ಗಾಡಿ ಬಿಟ್ಟು ನಡೆಯಬೇಡ, ನೆರಳಲ್ಲಿ ಕೂತಿರು, ಜಾಡು ಹಿಡಿದು ಬರುತ್ತೇವೆ.

ಕಳೆದ ವರ್ಷ ಖರ್ಜೂರದ ಸುಗ್ಗಿಯ ಹೊತ್ತು. ಅಮ್ಮ ಮತ್ತು ನಾನು ತೋಟದ ಊರಿಗೆ ಹೋಗಿದ್ದೆವು, ಮನೆಯಲ್ಲಿ ಯಾರೂ ಇರಲಿಲ್ಲ. ಮತರ್ ಗಾಡಿ ಪಾಸು ಮಾಡಿಸಿಕೊಂಡು ಮಧ್ಯಾಹ್ನ ಲಾಲ್‌ಬಕ್ಷನ ಅಂಗಳಕ್ಕೆ ಬಂದಿದ್ದಾನೆ. ಗೇಟಿಗೆ ಬೀಗ. ಲಾಲ್‌ಬಕ್ಷ್ ಸಂಬಂಧಿಕರ ಮದುವೆಗೆಂದು ಕರಾವಳಿಗೆ ಹೋಗಿದ್ದ. ನಮ್ಮ ಟೈರು, ಸ್ಪ್ರಿಂಗು, ಬಂಪರ್ ಎಲ್ಲ ಒಳಗೆ. ಗಬ್ಬದ ಒಂಟೆಯೊಂದು ಬಾವಿಗೆ ಬಂದಿಲ್ಲವೆಂದು ಹಿಂದಿನ ದಿನವೇ ಯಾರೋ ಹೇಳಿ ಕಳಿಸಿದ್ದರು. ನಾಳೆ ಬಂದು ಬದಲಿಸಿಕೊಂಡರಾಯಿತು ಎಂದುಕೊಂಡಿರಬೇಕು. ನಿಮ್ಮ ಪಾಸಿನ ಚೀಟಿ ಗಾಜಿಗೆ ಅಂಟಿಸಿದ ಗಾಡಿಯಲ್ಲಿ ಒಂಟೆ ಹುಡುಕಲು ಹೋದ.

ಶುಕ್ರವಾರ ತೋಟಕ್ಕೆ ಬರುತ್ತೇನೆಂದವನು ಬರಲಿಲ್ಲ. ಮಬ್‌ಖೂತ್ ಮಾವ, ಅಮ್ಮನ ಅಣ್ಣ, ನಮ್ಮಲ್ಲೆಲ್ಲ ಜಾಡಿಗೆ ಹೆಸರಾದವರು. ಅವರ ಗಾಡಿಯಲ್ಲಿ ನಾನೂ ಕೂತೆ. ಹಿಂದೆ ಇನ್ನೂ ಮೂರು ಮನೆಯವರ ಗಾಡಿಗಳು. ಎಲ್ಲರೂ ಹುಡುಕಿದ್ದು ಮತರ್‌ನ ಅಗಲದ ಟೈರಿನ ಜಾಡನ್ನು. ಅದನ್ನು ಹಾಕಿಕೊಳ್ಳದೆ ಅವನು ಮರಳಿಗೆ ಇಳಿದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬಾವಿಯ ಆಚೆ ಕಿರಿದಾದ ಒಂದು ಜಾಡು ಅಡ್ಡ ಸಿಕ್ಕಿತು. ಮಾವ ಇಳಿದು ನೋಡಿದರು.

"ನಮ್ಮೋರದಲ್ಲ ಇದು. ಟೂರಿಸ್ಟ್ ಕ್ಯಾಂಪಿನ ಗಾಡಿ. ಅತಿಥಿಗಳಿಗೆ ಸೂರ್ಯ ಮುಳುಗೋದು ತೋರ್ಸೋಕೆ ಹೋಗಿರ್ತಾರೆ" ಎಂದರು.

"ವಾಪಸ್ ಬಂದಿರೋ ಜಾಡಿಲ್ವಲ್ಲ ಮಾವ" ಎಂದೆ.

"ಅವರು ಹೋದ ದಾರೀಲಿ ಎಲ್ಲಿ ಬರ್ತಾರೆ ಮಗಳೇ, ಸುತ್ತು ಹಾಕ್ಕೊಂಡು ಹೋಗ್ತಾರೆ."

ಹಿಂದಿನ ಗಾಡಿಯಿಂದ ಯಾರೋ, "ಸೂರ್ಯ ಅವರೂರಲ್ಲಿ ಮುಳುಗಲ್ವಂತಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೊತ್ತಿಗೆ ಜಾಡಿನ ಆ ತುದಿಯಲ್ಲಿ ನನ್ನ ತಮ್ಮ ಇನ್ನೂ ಬದುಕಿದ್ದ ಎಂದು ಆಮೇಲೆ ಆಸ್ಪತ್ರೆಯವರು ಹೇಳಿದರು. ಅವರು ಹೇಳದಿದ್ದರೂ ಆಗುತ್ತಿತ್ತು.

ಮಾರನೆಯ ದಿನವೂ ಅದೇ ಜಾಡನ್ನು ದಾಟಿದೆವು. ಅದರಾಚೆಗೆ ಹುಡುಕಿದೆವು, ಅದರೀಚೆಗೆ ಹುಡುಕಿದೆವು. ಸಂಜೆ ಡೀಸೆಲ್ ಕೇಳಲು ಲಾಲ್‌ಬಕ್ಷನ ಅಂಗಳಕ್ಕೆ ಹೋದೆವು. ಅವನು ಅದೇ ಆಗ ಊರಿಂದ ಬಂದು ಗೇಟು ತೆಗೆಯುತ್ತಿದ್ದ.

"ಮತರ್ ಕಾಣ್ತಿಲ್ಲ. ಜಾಡೇ ಇಲ್ಲ, ಗಾಳೀಲಿ ಹಾರಿ ಹೋದ ಹಾಗೆ" ಎಂದರು ಮಾವ.

ಲಾಲ್‌ಬಕ್ಷ್ ಒಳಗೆ ಕೈ ತೋರಿಸಿದ. "ಜಾಡು ಎಲ್ಲಿಂದ ಬರ್ಬೇಕು ಯಜಮಾನ್ರೇ? ಅವನ ಟೈರು ಇಲ್ಲೇ ಇದೆಯಲ್ಲ."

ಒಂದರ ಮೇಲೊಂದು ಪೇರಿಸಿಟ್ಟ ಟೈರುಗಳ ಮೇಲೆ ಮಾವ ಕೂತುಬಿಟ್ಟರು. ಗಾಡಿಯ ಕೀ ನನ್ನ ಕಡೆ ಚಾಚಿ ಒಂದೇ ಮಾತು ಹೇಳಿದರು, "ಗಾಡಿ ತಿರುಗಿಸು ಮಗಳೇ."

ಆ ಕಿರಿದಾದ ಜಾಡು ಹಿಡಿದು ನಾನೇ ಓಡಿಸಿದೆ. ಬಹಳ ದೂರವೇನೂ ಇರಲಿಲ್ಲ. ದಿಬ್ಬದ ಬುಡದಲ್ಲಿ ಗಾಡಿಯ ಮೂತಿ ಮರಳಲ್ಲಿ ಹೂತಿತ್ತು. ಮುಂದಿನ ಬಂಪರಿನ ಕೆಳಗೆ ಕೈಯಿಂದ ತೋಡಿ ತೋಡಿ ಬಿಟ್ಟಿದ್ದ. ನಡೆದು ಹೋಗಲು ಯತ್ನಿಸಿದ ಹೆಜ್ಜೆ ಒಂದೂ ಇರಲಿಲ್ಲ. ಗಾಡಿಯ ನೆರಳಲ್ಲಿ, ನಾವು ಬರುವ ದಿಕ್ಕಿಗೆ ಮುಖ ಮಾಡಿ ಒರಗಿದ್ದ. ನಾವು ಹೇಳಿಕೊಟ್ಟಂತೆಯೇ ಮಾಡಿದ್ದ.

ಮಾನ್ಯರೇ, ನೀವು ಕೊಂದಿರಿ ಎಂದು ನಾನು ಬರೆಯುತ್ತಿಲ್ಲ. ಬೀಗ ಹಾಕಿ ಮದುವೆಗೆ ಹೋದ ಲಾಲ್‌ಬಕ್ಷನೂ ಕೊಲ್ಲಲಿಲ್ಲ, ಜಾಡು ನೋಡಿಯೂ ದಾಟಿದ ನಾವೂ ಕೊಲ್ಲಲಿಲ್ಲ. ಯಾರೂ ಕೊಲ್ಲದೆ ಅವನು ಸತ್ತಿದ್ದಾನೆ. ಎಲ್ಲರೂ ಸರಿಯಾಗಿಯೇ ನಡೆದುಕೊಂಡಿದ್ದೇವೆ, ಗಾಡಿಯಂತೂ ಆ ದಿನ ಅತ್ಯಂತ ಕಾನೂನುಬದ್ಧವಾಗಿತ್ತು. ನಾನು ಕೇಳುವುದು ಒಂದೇ. ಯಾರ 'ಮೂಲ ಸ್ಥಿತಿ' ಅದು? ಮರಳನ್ನೇ ಕಾಣದ ಕಾರ್ಖಾನೆಯಿಂದ ಹೊರಬಿದ್ದ ದಿನದ್ದೇ? ಆ ಗಾಡಿ ಇಷ್ಟು ವರ್ಷ ಬದುಕಿದ್ದು ಇಲ್ಲಿ. ಇಲ್ಲಿ ಬದುಕಲು ಅದಕ್ಕೆ ಏನು ಬೇಕಿತ್ತೋ ಅದನ್ನು ನನ್ನ ತಮ್ಮ ಕೊಟ್ಟಿದ್ದ.

ಮಾವ ಆಮೇಲೆ ಜಾಡು ನೋಡುವುದನ್ನು ಬಿಟ್ಟಿದ್ದಾರೆ. ಒಂಟೆ ಕಳೆದುಕೊಂಡವರು ಬಂದು ಕರೆದರೆ, "ನಂಗೆ ಕಣ್ಣು ಮಂಜು" ಎನ್ನುತ್ತಾರೆ. ಕಣ್ಣು ಚೆನ್ನಾಗಿಯೇ ಇದೆ. ಅಮ್ಮ ಯಾರನ್ನೂ ದೂರುವುದಿಲ್ಲ, ಬಂದವರಿಗೆ ಖಹ್ವಾ ಕಾಫಿ ಬಗ್ಗಿಸಿ ಕೊಡುತ್ತಾಳೆ. ಈಗ ಅವನ ಗಾಡಿಯಲ್ಲಿ ಒಂಟೆಗಳಿಗೆ ನೀರು ಒಯ್ಯುವವಳು ನಾನು. ಚೀಟಿ ಇಲ್ಲದಿದ್ದರೆ ಡಾಂಬರಿನ ಮೇಲೆ ಗಾಡಿ ಹಿಡಿದುಕೊಳ್ಳುತ್ತೀರಿ, ನೀರಿನ ಕೊಳಾಯಿ ಇರುವುದು ಡಾಂಬರಿನ ಆಚೆ. ಈ ವರ್ಷ ಲಾಲ್‌ಬಕ್ಷನಿಗೂ ನಿಮ್ಮ ನೋಟಿಸು ಬಂದಿದೆ, ಅವನ ಅಂಗಳವೂ ಇಲ್ಲ. ಆದ್ದರಿಂದ ಎಲ್ಲವನ್ನೂ ನಮ್ಮ ಮನೆಯಲ್ಲೇ ಬಿಚ್ಚಿದ್ದೇವೆ. ಹೋಗುವಾಗಲೂ ಬರುವಾಗಲೂ ಇಡೀ ಮರಳನ್ನು ನಾನು ಬೇರೆಯವರ ಟೈರಿನ ಮೇಲೆ ದಾಟಬೇಕು. ಲಾಲ್‌ಬಕ್ಷ್ ಸಾಮಾನು ತಂದು ಕೆಲಸ ಮಾಡಿಕೊಟ್ಟ. ಹೋಗುವಾಗ, "ಅಕ್ಕಾ, ದಿಬ್ಬ ಇಳಿಬೇಡ, ಸುತ್ತು ಹಾಕ್ಕೊಂಡು ಹೋಗು. ಈ ಬಂಪರ್ ನಂಬೋ ಹಾಗಿಲ್ಲ" ಎಂದ.

ಈಗ ನನ್ನ ಬೇಡಿಕೆ. ಮೊದಲು, ಮರಳ ಸೀಮೆಗೆ ಬೇರೆ ನಿಯಮ ಮಾಡಿ ಎಂದು ಬರೆದಿದ್ದೆ. ಅದು ಮೇಲಿನವರ ಕೆಲಸ ಎನ್ನುತ್ತೀರಿ ಎಂದು ಹೊಡೆದುಹಾಕಿದೆ. ಹಳೆಯ ಗಾಡಿಗಳಿಗೂ ಮಾರ್ಪಾಟಿನ ಸರ್ಟಿಫಿಕೇಟು ಕೊಡಿ ಎಂದು ಬರೆದೆ. ಅದಕ್ಕೆ ಸಮಿತಿ ಬೇಕಾಗುತ್ತದೆ, ಸಮಿತಿ ಕೂರುವಷ್ಟರಲ್ಲಿ ಎಷ್ಟು ಬೇಸಿಗೆ ಕಳೆಯುತ್ತವೋ. ಉಳಿದದ್ದು ಇಷ್ಟು. ಗಾಡಿಯ ಹಿಂದೆ ನಮ್ಮ ಟೈರು ಇದ್ದರೆ ಟಾರ್ಪಾಲು ಎತ್ತಬೇಡಿ. ಎತ್ತಿದರೂ ನೋಡಬೇಡಿ. ನಿಮ್ಮ ಅಂಗಳದ ಹಿಂದೆ, ಯಾರಿಗೂ ಕಾಣದ ಒಂದು ಮೂಲೆಯಲ್ಲಿ, ಅವನ್ನು ಬದಲಿಸಿಕೊಂಡು ಹೋಗಲು ಬಿಡಿ. ನಮ್ಮವರು ನಮ್ಮ ಜಾಡಿನಲ್ಲಿ ಮನೆಗೆ ಹೋಗಲಿ. ಕಾನೂನು ಪಾಲಿಸುವುದಕ್ಕೇ ಸಂಬಳ ಪಡೆಯುವವರಿಗೆ ಇದು ದೊಡ್ಡ ಬೇಡಿಕೆ ಎಂದು ಬಲ್ಲೆ.

ಇದು ಅಚ್ಚಾಗುವ ಹೊತ್ತಿಗೆ ನನ್ನ ತಪಾಸಣೆ ಮುಗಿದಿರುತ್ತದೆ. ನಾಳೆ ಬೆಳಿಗ್ಗೆ ನಾನು ಹೊರಡುವ ಮೊದಲು ಮಬ್‌ಖೂತ್ ಮಾವ ಬರುತ್ತಾರೆ. ಗಾಡಿಯನ್ನು ಅಂಗಳದಲ್ಲಿ ಒಮ್ಮೆ ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸಬೇಕಂತೆ. ಈ ಟೈರಿನ ಗುರುತು ಅವರು ನೋಡಿಟ್ಟುಕೊಳ್ಳಬೇಕು.

ಇಂತಿ,
ನಿಮ್ಮ ಪರೀಕ್ಷೆಯಲ್ಲಿ ನಾಳೆ ಬಹುಶಃ ಪಾಸಾಗಲಿರುವ
ಮಿಜ್ನಾ, ಮತರ್‌ನ ಅಕ್ಕ