ಉಷ್ಣದ ಮದ್ದು

ಮಾರ್ಚ್ 12, ಬುಧವಾರ

ಮೂತ್ರಕ್ಕೆ ಹೋದರೆ ಉರಿ, ಮೂರು ವಾರದಿಂದ. ‘ಉಷ್ಣ ಕಣಮ್ಮ’ ಎಂದು ಅತ್ತೆ ದಿನಾ ಬಾರ್ಲಿ ನೀರು ಕುಡಿಸಿದರು. ಗಂಡ ನಂಜೇಶ ಎಳನೀರು ತಂದು ಕೊಟ್ಟ. ಉರಿ ಇಳಿಯಲಿಲ್ಲ. ನಮ್ಮ ಗೋವಿಂದರಾಜನಗರದಲ್ಲಿ ತೋರಿಸಿದರೆ ಗುರುತಿನವರು ಸಿಗುತ್ತಾರೆಂದು ಕೆಂಗೇರಿಯ ಡಾಕ್ಟರಿಗೆ ತೋರಿಸಿ ಟೆಸ್ಟ್ ಮಾಡಿಸಿದೆ. ಇವತ್ತು ರಿಪೋರ್ಟ್ ಬಂತು, ಗೊನೊರಿಯಾ, ಗಂಡ-ಹೆಂಡಿರ ಸಂಪರ್ಕದಿಂದ ಅಂಟುವ ಗುಹ್ಯರೋಗ. ಗಂಡನನ್ನೂ ಟೆಸ್ಟಿಗೆ ಕರೆತರಲು ಹೇಳಿದರು.

ಅವನಿಗೆ ಹೇಳಿದರೆ ಟಿವಿಯಿಂದ ಕಣ್ಣು ಕೀಳಲಿಲ್ಲ. ‘ನಂಗೆ ಹೋದ ತಿಂಗಳೇ ವಾಸಿಯಾಯ್ತು ಕಣೇ. ಅಮ್ಮಂಗೆ ಹೇಳ್ಬೇಡ.’

ತಾನು ಮಾತ್ರೆ ನುಂಗಿ ನನಗೆ ಎಳನೀರು ತಂದಿದ್ದಾನೆ, ನಾಚಿಕೆಗೆಟ್ಟವನು.

ನಾನು ಹೇಳುವುದಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು. ಅವರ ಶುಗರ್ ರಿಪೋರ್ಟನ್ನು ಓದಿ ಹೇಳುವವನು ಇವನೇ. ನಾಳೆ ಕಾಫಿಯ ಜೊತೆ ನನ್ನ ರಿಪೋರ್ಟನ್ನೂ ಅವರ ಕೈಗೆ ಕೊಡುತ್ತೇನೆ. ಮಗನೇ ಓದಿ ಹೇಳಲಿ.